ಏನೂ ಮಾಡಲ್ಲ, ಬನ್ನಿ

ಮನೆಯಲ್ಲಿ ಎರಡು ನಾಯಿ ಇದ್ದು ಅವು ಹೊಂದಿಕೊಂಡಿದ್ದರೆ ಯಜಮಾನರು ನಮ್ಮ ನಿಮ್ಮ ಹಾಗೆ ಮಳೆ, ಬೆಲೆ, ಮಕ್ಕಳ ಮದುವೆ ಅಂತ ಮಾತಾಡುತ್ತಾರೆ. ಕಚ್ಚಾಡುವ ನಾಯಿಗಳಾದರೆ ಅವರಿಗೆ ಬೇರೆ ಮಾತೇ ಇಲ್ಲ. ಮೈಸೂರಿನಲ್ಲಿ ಬಡಾವಣೆಗೊಬ್ಬರು ಇಂಥವರು ಸಿಗುತ್ತಾರೆ. ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು.

ಗುರುತು ಹಿಡಿಯುವುದು ಸುಲಭ. ಗೇಟಿನ ಒಳಗೆ ಕುರುಕ್ಷೇತ್ರ ನಡೆಯುತ್ತಿರುವಾಗಲೇ "ಏನೂ ಮಾಡಲ್ಲ, ಬನ್ನಿ ಸಾರ್" ಎನ್ನುತ್ತಾರೆ. ಸೊಂಟದಲ್ಲೊಂದು ಚೀಲ, ಈರುಳ್ಳಿ ತಿನ್ನಲೂ ತಿಥಿ ನೋಡುವ ಮನುಷ್ಯನ ಆ ಚೀಲದಲ್ಲಿ ಬೇಯಿಸಿದ ಕೋಳಿ ಲಿವರ್ ಚೂರು. ಕೈಯಲ್ಲಿ ಕ್ಲಿಕ್ಕರ್. ನಾಯಿ ಮಾತು ಕೇಳಿದರೆ ಟಿಕ್, ಒಂದು ಚೂರು. ಅಭ್ಯಾಸಬಲ ನೋಡಿ, ನಾನು ಹೂಂಗುಟ್ಟಿದರೂ ಟಿಕ್ ಅನ್ನಿಸುತ್ತಾರೆ. ನನಗೆ ಒಳಗೊಳಗೇ ಖುಷಿ. ಚೂರು ಬರಲಿಲ್ಲವಲ್ಲ ಎಂದು ಕೊಂಚ ಬೇಸರವೂ.

ಲೂಸಿ ಲ್ಯಾಬ್ರಡಾರ್, ಹಿರಿಯಳು. ಬೆಳ್ಳಿ ಮುಧೋಳದವಳು. "2005ರಲ್ಲಿ ಅಂಚೆಚೀಟಿ ಮೇಲೆ ಬಂದ ತಳಿ ಸಾರ್" ಎಂದು ಪರಿಚಯಿಸುತ್ತಾರೆ, ಚೀಟಿಯ ಮೇಲಿದ್ದದ್ದು ಇವಳ ಸೋದರತ್ತೆಯೇನೋ ಎಂಬಂತೆ. ಒಂದೇ ಮನೆಯ ಎರಡು ಹೆಣ್ಣುನಾಯಿಗಳ ವೈರ ತಣಿಸುವುದು ಬಲು ಕಷ್ಟ ಎಂಬುದು ಪಶುವೈದ್ಯರ ಅನುಭವ. ತಟ್ಟೆ, ಬಾಗಿಲು, ರಾಯರ ತೊಡೆ, ಜಗಳಕ್ಕೆ ಯಾವುದಾದರೂ ಸಾಕು. ಒಮ್ಮೆ ಬಿಡಿಸಲು ನಡುವೆ ಕೈ ಹಾಕಿ ಕಚ್ಚಿಸಿಕೊಂಡರು. ನಲ್ಲಿಯಡಿ 15 ನಿಮಿಷ ಸೋಪು ಹಚ್ಚಿ ಗಾಯ ತೊಳೆಯುವಾಗಲೂ ಪಾಠ ನಿಲ್ಲಲಿಲ್ಲ: "ಅದು ನನ್ನ ಮೇಲಿನ ಕೋಪ ಅಲ್ಲ ಸಾರ್. ಅವಳ ಮೇಲಿನದು, ನನ್ನ ಕೈ ಅಡ್ಡ ಬಂತು."

ಮೊದಮೊದಲು ಅವರು ಆಲ್ಫಾ ಪಂಥದವರು. ತೋಳದ ಗುಂಪಿಗೊಬ್ಬ ದೊರೆ, ಮನೆಗೆ ತಾನು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು ಮೈಸೂರು ತಲುಪುವ ಹೊತ್ತಿಗೆ ಏನಾಗಿತ್ತೆಂದರೆ, ರಾಯರ ಊಟವಾಗದೆ ಯಾರೂ ಉಣ್ಣುವಂತಿಲ್ಲ, ಅವರು ದಾಟದೆ ಯಾರೂ ಹೊಸ್ತಿಲು ದಾಟುವಂತಿಲ್ಲ. "ಇದು ನಮ್ಮನೇಲಿ ಮೊದಲಿಂದಲೂ ಇರೋದೇ" ಅಂದರು ಅವರ ಶ್ರೀಮತಿ. ಈ ಆಲ್ಫಾ ಮಾತನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ ಎಂದು ತಿದ್ದಿ ಬರೆದದ್ದು ರಾಯರಿಗೆ ತಡವಾಗಿ ತಿಳಿಯಿತು. ಸಿಂಹಾಸನದಿಂದ ಇಳಿದರು. ಮೊದಲು ಉಣ್ಣುವ ಅಭ್ಯಾಸ ಮಾತ್ರ ಉಳಿಯಿತು.

ಆಮೇಲೆ ಬಂದದ್ದು ಮಝಲ್ ಯುಗ. ಬಾಯಿ ಬಿಗಿಯುವ ಬಟ್ಟೆಯದನ್ನು ತಂದು ವಾಪಸು ಮಾಡಿದರು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯ್ತೆರೆದು ಏದುಸಿರು ಬಿಟ್ಟು. ಬುಟ್ಟಿಯಂಥದ್ದಾದರೆ ಏದಬಹುದು, ನೀರೂ ಕುಡಿಯಬಹುದು. ಅದನ್ನು ಹಾಕುವಂತಿಲ್ಲ, ನಾಯಿಯೇ ಮೂತಿ ತೂರಿಸಬೇಕು. ಅದಕ್ಕಾಗಿ ಬುಟ್ಟಿಯೊಳಗೆ ಮೊಸರನ್ನ ಬಳಿದು ರಾಯರು ಗಂಟೆಗಟ್ಟಲೆ ನೆಲದ ಮೇಲೆ ಕೂತರು. ಸಂಜೆ ಇಬ್ಬರನ್ನೂ ರಸ್ತೆಯ ಆಚೆ ಈಚೆ ನಡೆಸಿ ದಿನದಿನಕ್ಕೆ ಅಂತರ ತಗ್ಗಿಸುವ ಕೆಲಸ. ಲೂಸಿಯ ಹಗ್ಗ ನನ್ನ ಕೈಗೆ ಬಂತು. ಆಚೆಯಿಂದ ಅವರು "ಹಗ್ಗ ಬಿಗಿ ಹಿಡೀಬೇಡಿ! ನಿಮ್ಮ ಗಾಬರಿ ಅವಳಿಗೆ ಗೊತ್ತಾಗುತ್ತೆ!" ಎಂದು ಕೂಗಿದರೆ ಬೀದಿಗೆಲ್ಲ ನನ್ನ ಗಾಬರಿ ಗೊತ್ತಾಗುತ್ತಿತ್ತು.

ಗೌರಿ ಹಬ್ಬಕ್ಕೆ ಅಮ್ಮನನ್ನು ರಾಯರ ಮನೆಗೆ ಕರೆದೊಯ್ದಿದ್ದೆ. ನಾಯಿಗಳನ್ನು ಕಂಡ ಅಮ್ಮ, "ಒಕ್ಕಣೇಲಿ ಎತ್ತಿಗೆ ಹಾಕೋ ಕುಕ್ಕೆ ಅಲ್ವೇನೋ ಇದು?" ಅಂದರು. ರಾಯರಿಗೆ ಅಷ್ಟು ಸಾಕಾಯಿತು. ವಿವರಿಸುತ್ತಾ ಕೈ ಬೀಸಿದ ರಭಸಕ್ಕೆ ಶ್ರೀಮತಿಯವರ ತಟ್ಟೆಯಿಂದ ಕಡುಬೊಂದು ಉರುಳಿತು. ಎರಡೂ ಹಾರಿದವು. ಅಕ್ಷರಶಃ ಮುಸುಕಿನ ಗುದ್ದಾಟ! ಬುಟ್ಟಿಗೆ ಬುಟ್ಟಿ ಟಕಟಕ. ಮುತ್ತೈದೆಯರೆಲ್ಲ ದಿವಾನದ ಮೇಲೆ. ರಕ್ತವಿಲ್ಲ, ಗಾಯವಿಲ್ಲ, ಸತ್ತದ್ದು ಕಡುಬೊಂದೇ. ಅದರ ಹೂರಣ ಬೆಳ್ಳಿಯ ಬುಟ್ಟಿಗೆ ಮೆತ್ತಿಕೊಂಡಿತ್ತು. ಲೂಸಿ ತನ್ನ ಬುಟ್ಟಿಯ ಸಂದಿನಿಂದ ನಾಲಗೆ ಚಾಚಿ ಅದನ್ನು ನೆಕ್ಕತೊಡಗಿದಳು. ಬೆಳ್ಳಿ ಅಲ್ಲಾಡಲಿಲ್ಲ. ಟಿಕ್! ರಾಯರ ಕಣ್ಣಲ್ಲಿ ನೀರು. ಹಬ್ಬದ ದಿನ ಲಿವರ್ ಚೀಲಕ್ಕೆ ರಜೆಯಾದ್ದರಿಂದ ಬಹುಮಾನಕ್ಕೆ ಅಮ್ಮನ ಕಡುಬು ಹೋಯಿತು.

ಕಾಫಿ ಕೊಡುತ್ತಾ ಶ್ರೀಮತಿಯವರು ಮೆಲ್ಲಗೆ ಅಂದರು: "ನಾನು ಮದುವೆಯಾಗಿ ಬಂದಾಗ ನನ್ನನ್ನೂ ಇವರಮ್ಮನ್ನೂ ಹೀಗೆ ದೂರದಿಂದ, ನಿಧಾನಕ್ಕೆ ಪರಿಚಯ ಮಾಡಿಸಿದ್ದಿದ್ರೆ! ಮೊದಲ ದಿನವೇ ಒಂದೇ ಒಲೆ ಮುಂದೆ ಬಿಟ್ಟರು."

ರಾಯರು ಕ್ಲಿಕ್ಕರನ್ನು ಜೇಬಿಗೆ ಹಾಕಿಕೊಂಡರು. ಅವರಮ್ಮ ತೀರಿಹೋಗಿ ಬಹಳ ಕಾಲವಾಗಿದೆ. ನಮ್ಮಮ್ಮನೂ ಸೊಸೆಯಾಗಿ ಬಂದದ್ದು ಅಂಥದ್ದೇ ಅಡುಗೆಮನೆಗೆ. ಕಾಫಿ ಮುಗಿಯುವವರೆಗೂ ಅಮ್ಮ ಮಾತಾಡಲಿಲ್ಲ.

ಒಂದನ್ನು ಯಾರದಾದರೂ ತೋಟಕ್ಕೆ ಬಿಟ್ಟುಬಿಡಿ ಎಂದು ಬೀದಿಯವರೆಲ್ಲ ಹೇಳಿಯಾಗಿದೆ. ರಾಯರು ಒಪ್ಪಿಲ್ಲ, ಈ ಒಂದಕ್ಕೆ ಅವರ ಉಳಿದ ಕಾಟವನ್ನೆಲ್ಲ ಮಾಫಿ ಮಾಡಬಹುದು. ಈಗಲೂ ಎರಡರ ಊಟ ಬೇರೆ ಬೇರೆ ಕೋಣೆಯಲ್ಲಿ. ನಡುಮನೆಗೊಂದು ಮರದ ಗೇಟು. ನೆಂಟರು ಬಂದರೆ ಮಝಲ್. "ವಾಸಿಯಾಗಿಲ್ಲ ಸಾರ್, ನಡೀತಿದೆ" ಎನ್ನುತ್ತಾರೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಮ್ಮ ಬೀದಿಗೆ ಬಂದಾಗ ಬುಟ್ಟಿ ಕಟ್ಟಿದ ನಾಯಿ ಕಂಡರೆ "ಅಯ್ಯೋ ಪಾಪ" ಅನ್ನಬೇಡಿ. ಅದಕ್ಕೆ ಉತ್ತರ ಹೇಳಲು ರಾಯರಿಗೆ ಮುಕ್ಕಾಲು ಗಂಟೆ ಬೇಕು, ಪಕ್ಕದಲ್ಲಿ ಲೂಸಿಯನ್ನು ಹಿಡಿದು ನಿಂತಿರುವವನು ನಾನು.