ದಪ್ಪಕ್ಷರದ ಪದದ ಸನ್ನಿಧಾನಕ್ಕೆ

ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜಿನಲ್ಲಿ ಕಪ್ಪಗೆ, ದಪ್ಪಗೆ ಒಂದು ಪದವಾಗಿ ವಿರಾಜಮಾನರಾಗಿರುವ 'ಗದ್ಯಭಾಗದಲ್ಲಿ ಬಳಸಿದಂತೆ ಈ ಪದದ ಅರ್ಥವೇನು' ಎಂಬ ಪ್ರಶ್ನೆ ಮಹಾಶಯರಿಗೆ, ಧಾರವಾಡದ ಸಪ್ತಾಪುರದಲ್ಲಿ ತಮ್ಮ ಹೆಸರಿನ ಮೇಲೆ ಪಾಠ ಹೇಳಿ ಹೊಟ್ಟೆ ಹೊರೆಯುವ ಮೇಷ್ಟ್ರೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ಕೋಚಿಂಗ್ ಸೆಂಟರು, ಪಿಜಿ, ಜೆರಾಕ್ಸ್ ಅಂಗಡಿ, ಖಾನಾವಳಿ ಎಲ್ಲವೂ ತಾವು ಕಷ್ಟವಾಗಿರುವುದರಿಂದಲೇ ನಡೆದಿವೆ. ಆದ್ದರಿಂದ ಮುಂದಿನದನ್ನು ದೂರು ಎಂದು ತಿಳಿಯದೆ, ಭಕ್ತನ ನಿವೇದನೆ ಎಂದೇ ಓದಿಕೊಳ್ಳಬೇಕು.

ಸಂದರ್ಭ ನೋಡಿ ಅರ್ಥ ಹೇಳು ಎನ್ನುತ್ತೀರಿ. ಎಂಥ ದೊಡ್ಡ ಮಾತು! ನಮ್ಮ ಹುಡುಗರು ಕನ್ನಡ ಪರೀಕ್ಷೆಯಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ' ಬರೆದು ಬಂದವರು. ಯಾವ ಪಾಠ, ಬರೆದವರು ಯಾರು, ಯಾರು ಯಾರಿಗೆ ಹೇಳಿದ್ದು ಎಂದು ತಿಳಿದ ಮೇಲೆಯೇ ಅರ್ಥಕ್ಕೆ ಕೈಹಾಕುವವರು. ತಾವೋ ಲೇಖಕನ ಹೆಸರು ಅಳಿಸಿ, ಲೇಖನದ ತಲೆ ಬಾಲ ಕತ್ತರಿಸಿ ನಡುವಿನ ತುಂಡನ್ನು ಬಡಿಸುತ್ತೀರಿ. ಐಬಿಪಿಎಸ್ ನಡೆಸುವ ಬ್ಯಾಂಕ್ ಅಧಿಕಾರಿ (ಪಿಒ) ಪೂರ್ವಭಾವಿ ಪರೀಕ್ಷೆಯ ಇಂಗ್ಲಿಷ್ ವಿಭಾಗದಲ್ಲಿ 30 ಪ್ರಶ್ನೆಗೆ 20 ನಿಮಿಷ, ಒಂದಕ್ಕೆ 40 ಸೆಕೆಂಡು; ಓದುವ ಹೊತ್ತೂ ಅದರಲ್ಲೇ ಬಂತು. ಹಾಗಾಗಿ ನಾನು, 'ಪ್ಯಾಸೇಜ್ ಓದಲೇಬೇಡಿ, ದಪ್ಪ ಪದದ ಹಿಂದಿನ ಮುಂದಿನ ವಾಕ್ಯ ಸಾಕು' ಎಂದು ಕಲಿಸುತ್ತೇನೆ. ಫೀಸು ಕೊಟ್ಟು, ಓದದಿರುವುದನ್ನು ಕಲಿಯುವ ಭಾಗ್ಯ ತಮ್ಮಿಂದ.

ಮಾಕ್ ಟೆಸ್ಟೊಂದರಲ್ಲಿ ತಾವು 'ಅರೆಸ್ಟ್' ಆಗಿ ದರ್ಶನ ಕೊಟ್ಟಿರಿ. ಬೆಲೆ ಏರಿಕೆಯನ್ನು ಅರೆಸ್ಟ್ ಮಾಡಲು ಸರ್ಕಾರ ಏನೋ ಕ್ರಮ ಕೈಗೊಂಡಿತ್ತಂತೆ. ಪೇಪರು ಓದಿ ಬೆಳೆದ ಹುಡುಗಿ ನೇರ 'ಬಂಧಿಸು' ಎಂಬ ಆಯ್ಕೆ ಒತ್ತಿದಳು. ಪದ ಗೊತ್ತಿದ್ದವರೇ ಬೀಳುವ ಗುಂಡಿ ಅದು. ಗೊತ್ತಿಲ್ಲದವರು ಹೇಗೂ ಬಿಟ್ಟು ಮುಂದೆ ಹೋಗಿದ್ದರು. ಸರಿಯುತ್ತರವಾಗಿ ತಾವು ಕೂರಿಸಿದ್ದು 'ಚೆಕ್' ಎಂಬ ಪದವನ್ನು! ಅದಕ್ಕೆ ತಡೆ ಎಂಬ ಅರ್ಥವಿರುವುದು ದಿಟ. ಆದರೆ ಚೆಕ್ ಎಂದರೆ ಪರೀಕ್ಷಿಸುವುದೂ ಹೌದು, ಅಂಗಿಯ ಚೌಕಳಿಯೂ ಹೌದಲ್ಲವೇ ಸ್ವಾಮೀ? ಪ್ರಶ್ನೆಯ ಪದಕ್ಕೆ ಪ್ಯಾಸೇಜಿನ ಆಸರೆ ಕೊಟ್ಟಿರಿ. ಐದು ಆಯ್ಕೆಗಳನ್ನು ಮಾತ್ರ ಹಿಂದಿಲ್ಲ ಮುಂದಿಲ್ಲ ಎಂಬಂತೆ ಬೀದಿಗೆ ಬಿಟ್ಟಿರಿ. ಅವಕ್ಕೂ ಒಂದೊಂದು ವಾಕ್ಯ ದಯಪಾಲಿಸಬೇಕೆಂದು ಕೇಳಿಕೊಂಡರೆ ಅತಿಯಾದೀತೇ?

ತಪ್ಪಿಗೆ ಕಾಲು ಅಂಕ ಕಡಿಯುವ ಮಿತವ್ಯಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಅರ್ಧ ಗೊತ್ತಿದ್ದವರಿಗೆ ಅರ್ಧ ಅಂಕ ಕೊಟ್ಟರೆ ಅಭ್ಯಾಸ ಕೆಟ್ಟೀತು.

ಒಂದೇ ಅರಿಕೆ. ತಮ್ಮ ಪರೀಕ್ಷೆಯಲ್ಲಿ ಜಯಭೇರಿ ಹೊಡೆದ ಹೊರರಾಜ್ಯದ ಸಾಹೇಬರು ನಮ್ಮ ಹಳ್ಳಿ ಶಾಖೆಗೆ ಬಂದು ಕೂರುತ್ತಾರೆ. ಸಾಲಗಾರ ರೈತ ಕೌಂಟರಿನ ಮುಂದೆ ನಿಂತು, 'ಇನ್ನೊಂದ್ ಸುಗ್ಗಿ ತಡೀರಿ ಸಾಹೇಬ್ರ' ಎನ್ನುತ್ತಾನೆ. ತಡಿ ಎಂದರೆ ಕಾಯಿ ಎಂದೋ, ಅಡ್ಡಗಟ್ಟು ಎಂದೋ? ಅಲ್ಲಿ ಆಯ್ಕೆಗಳೂ ಇರುವುದಿಲ್ಲ, ದಪ್ಪಕ್ಷರವೂ ಇರುವುದಿಲ್ಲ. ಆ ದಿನ ಸನ್ನಿಧಾನವೇ ಖುದ್ದಾಗಿ ದಯಮಾಡಿಸಿ ಸಾಹೇಬರ ಪಕ್ಕ ಕೂರಬೇಕು.

ಇಂತಿ ತಮ್ಮ ಅನ್ನದ ಋಣದಲ್ಲಿರುವ,
ಇಂಗ್ಲಿಷ್ ಮೇಷ್ಟ್ರು