ಕೋಳಿ ಯಾರದು?

ಆಂಧ್ರದ ಆಸ್ಪರಿ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿ. (ಈ ಕಡೆ ಮಳೆ ಕೈಕೊಟ್ಟರೂ ಕೂಲಿ ಹಾಜರಿಯ ಮಸ್ಟರ್ ಕೈಕೊಡದು.)

"ಮಾವ, ಉದ್ಯೋಗ ಖಾತ್ರಿ ಸೋಷಿಯಲ್ ಆಡಿಟ್ ಐತಿ, ಬರಂಗಿಲ್ಲೇನು? ಹೊಂಡ ತೋಡಿದ್ದಕ್ಕ ನಿನ್ನ ಹೆಸರಿಗೆ 14 ದಿನ ಬರದಾರ."

"ಆವಾಗ ಗುಂಟೂರಿಗೆ ಗುಳೆ ಹೋಗಿದ್ನಲ್ಲೋ, ಮೆಣಸಿನಕಾಯಿ ಬಿಡಸಾಕ!"

"ಹೊಂಡನೂ ನಿನ್ನ ಜೊತಿಗೇ ಗುಳೆ ಹೋಗಿರಬೇಕು. ಕಾಣವಲ್ದು."

"ಆಡಿಟ್ ಮಾಡೋರು ಸ್ವತಂತ್ರರಂತಲ್ಲ?"

"ಹೌದಪ್ಪ. 2005ರ ಕಾಯ್ದೆ, 17ನೇ ಕಲಮು. ಆಂಧ್ರದಾಗ 2009ರಾಗ ಅದಕ್ಕಂತ ಬ್ಯಾರೆ ಸಂಸ್ಥೆನೇ ಮಾಡ್ಯಾರ. ಆಡಿಟ್ ಹುಡುಗ್ರು ಮೇಸ್ತ್ರಿ ಮನಿ ಮೆಟ್ಟಲಿಲ್ಲ, ಕೂಲಿಯವರ ಮನ್ಯಾಗೇ ಕೋಳಿಸಾರು ಉಂಡ್ರು."

"ಕೂಲಿಯವರ ಮನ್ಯಾಗ ಕೋಳಿಸಾರು ಎಲ್ಲಿಂದ ಬಂತು?"

"ಮನಿ ಯಾರದಂತ ಬರದಾರ. ಕೋಳಿ ಯಾರದಂತ ಬರಿಯಾಕ ಕಾಲಮ್ಮಿಲ್ಲ."

"ನನ್ನ 14 ದಿನದ ಕೂಲಿ?"

"ನಿನ್ನೆ ಸಂಜಿಮಟ ಕೂಗ್ತಿತ್ತಲ್ಲ ಮಾವ, ಕೊಕ್ಕೊಕ್ಕೋ ಅಂತ."