ಹುಲಿ ಬೇಕಾಗಿದೆ

ಅರಸೀಕೆರೆ ಜಂಕ್ಷನ್ನಿನ ಟಿಕೆಟ್ ಕಿಂಡಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತವನು ನಾನು. ಅಷ್ಟೂ ವರ್ಷ ಆಡಿದ ಇಂಗ್ಲಿಷು ಮೂರೇ ಮಾತು: ‘ಟು?’, ‘ಹೌ ಮೆನಿ?’, ‘ನೋ ಚೇಂಜ್’. ನನ್ನ ಬಂಡವಾಳ ಇಷ್ಟೇ ಅನ್ನೋದು ನಮ್ಮ ಬೀದಿಯವರಿಗೆ ಗೊತ್ತಿರಲಿಲ್ಲ. ರೈಲ್ವೆ ಅಂದ್ರೆ ಸೆಂಟ್ರಲ್ ಗೌರ್ಮೆಂಟು, ಸೆಂಟ್ರಲ್ ಗೌರ್ಮೆಂಟು ಅಂದ್ರೆ ಇಂಗ್ಲಿಷು ಅಂತ ಅವರ ಲೆಕ್ಕ. ನಾನು ನಿವೃತ್ತನಾದದ್ದೇ ತಡ, ಬೇಸಿಗೆ ರಜೆಗೆ ಹದಿನಾಲ್ಕು ಮಕ್ಕಳನ್ನು ತಂದು ಜಗಲಿಗೆ ಸುರಿದರು. ‘ಗ್ರಾಮರ್ ಏನೂ ಬ್ಯಾಡಿ ಸಾರ್, ಬರೀ ಸ್ಪೋಕನ್ ಕೊಡಿ ಸಾಕು.’ ಆಗಲ್ಲ ಅನ್ನಬಹುದಿತ್ತು. ಆದರೆ ಮನೆಯಲ್ಲಿ ‘ರೀ, ಸೊಪ್ಪು ಬಿಡಿಸಿ’ ಅನ್ನಿಸಿಕೊಳ್ಳುತ್ತಿದ್ದವನಿಗೆ ಆ ‘ಸಾರ್’ ಎಷ್ಟು ತಂಪಾಗಿತ್ತು ಅಂತ ನಿವೃತ್ತರಿಗಷ್ಟೇ ಗೊತ್ತು.

ಸರ್ಕಾರಿ ಶಾಲೆಯಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ. 2019ರಲ್ಲಿ ಸಾವಿರ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವೂ ಬಂತು. ಮಕ್ಕಳು ಓದುತ್ತವೆ, ಕಾಪಿ ಮುತ್ತಿನ ಹಾಗೆ ಬರೆಯುತ್ತವೆ, ಬಾಯಿ ಮಾತ್ರ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಟೀಚರಾಗಿರುವ ಸೊಸೆಗೆ ಫೋನು ಹಚ್ಚಿದೆ. ‘ಮಾವ, ಆಟ ಆಡಿಸಿ. ಒಂದು ಚೆಂಡು ಕೈಯಿಂದ ಕೈಗೆ ಹೋಗ್ಲಿ. ಯಾರ ಕೈಲಿದೆಯೋ ಅವರು ಮಾತಾಡ್ಬೇಕು’ ಅಂದಳು. ಚೆಂಡು ಸಿಗಲಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿಗೆ ಬರವೇ? ಒಂದು ಗಿಟುಕು ಕೊಟ್ಟೆ. ‘ಮೈ ನೇಮ್ ಈಸ್’ ಅಂದವರೆಲ್ಲ ಒಂದೊಂದು ಸಲ ಕಚ್ಚಿ ಮುಂದಿನವರಿಗೆ ದಾಟಿಸಿದರು. ಎರಡು ಜಡೆಯ ಹುಡುಗಿಯೊಬ್ಬಳು ಮಾತೂ ಆಡಲಿಲ್ಲ, ಕಚ್ಚಲೂ ಇಲ್ಲ, ಸುಮ್ಮನೆ ದಾಟಿಸಿದಳು. ಒಂಬತ್ತನೆಯವನ ಹೊತ್ತಿಗೆ ಸಂಭಾಷಣೆ ಖಾಲಿ.

ಸೊಸೆ ಇನ್ನೊಂದು ಉಪಾಯ ಹೇಳಿದಳು. ಜೇಮ್ಸ್ ಆಶರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞನದಂತೆ. ಮಕ್ಕಳಿಂದ ಮಾತು ಹೊರಡಿಸಲು ಒದ್ದಾಡಬೇಡಿ. ನೀವು ಅಪ್ಪಣೆ ಕೊಡಿ, ಅವರು ಮೈಯಲ್ಲಿ ಮಾಡಿ ತೋರಿಸಲಿ, ಮಾತು ಹಿಂದೆಯೇ ಬರುತ್ತದೆ. ಕೇಳಿದವನೇ ಕುರ್ಚಿಯಿಂದ ಎದ್ದುಬಿಟ್ಟೆ. ಇದು ಅಮೆರಿಕದ್ದು ಹೇಗಾಗುತ್ತದೆ? ಮೂಡಿಗೆರೆ ಕಡೆಯ ಸೊಸೆವೂರಿನಲ್ಲಿ ಹುಲಿ ಮೇಲೆರಗಿದಾಗ ಜೈನ ಮುನಿ ‘ಹೊಯ್, ಸಳ’ ಅಂದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಯಾಕೆ, ಏನು ಅಂತ ಸಳ ಕೇಳಲಿಲ್ಲ. ಅಪ್ಪಣೆ ಬಿತ್ತು, ಹೊಡೆದ. ಆ ಎರಡು ಪದವೇ ರಾಜಮನೆತನದ ಹೆಸರಾಯಿತು. ಸ್ಪೋಕನ್ ಕ್ಲಾಸಿಗೆ ಇದಕ್ಕಿಂತ ದೊಡ್ಡ ರಿಸಲ್ಟು ಬೇಕೆ?

ಮುಂದಿನ ಭಾನುವಾರವೇ ಎಲ್ಲರನ್ನೂ ಬಸ್ಸು ಹತ್ತಿಸಿದೆ. ಹಳೇಬೀಡಿನಲ್ಲಿ ಆನೆಸಾಲು ಎಣಿಸಿ ಲೆಕ್ಕ ತಪ್ಪಿ ಜಗಳವಾಡಿದರು, ಅಷ್ಟೇ. ನನ್ನ ಮನಸ್ಸೆಲ್ಲ ಬೇಲೂರಿನಲ್ಲಿತ್ತು. ಚೆನ್ನಕೇಶವನ ಗುಡಿಯ ಬಾಗಿಲಲ್ಲೇ ಸಳ ಹುಲಿಯನ್ನು ಹೊಡೆಯುತ್ತ ನಿಂತಿದ್ದಾನೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ ಜಾಗ. ಒಬ್ಬರಾದರೂ ವಿದೇಶಿಯರು ಸಿಗದೇ ಇರುತ್ತಾರೆಯೇ ಅನ್ನುವ ದುರಾಸೆ ಬೇರೆ.

ತಲುಪಿದಾಗ ಮಟಮಟ ಮಧ್ಯಾಹ್ನ. ಚಪ್ಪಲಿ ಹೊರಗೆ ಬಿಟ್ಟು ಏಪ್ರಿಲ್ ಬಿಸಿಲಲ್ಲಿ ಆ ಹಾಸುಗಲ್ಲಿನ ಮೇಲೆ ಕುಣಿಯುತ್ತ ನಡೆದವರಿಗೆ ಉಳಿದದ್ದು ವಿವರಿಸಬೇಕಿಲ್ಲ. ಪಾತ್ರ ಹಂಚಿದೆ. ಮಡಚುವ ಛತ್ರಿ ಹಿಡಿದ ಐದನೇ ಕ್ಲಾಸಿನವನು ಸಳ. ಎರಡು ಜಡೆಯವಳು ಮುನಿ. ಎರಡೇ ಪದವಲ್ಲವೇ, ಆಡಿಯಾಳು ಅಂತ. ಹುಲಿಯಾಗಲು ಯಾರೂ ಒಪ್ಪಲಿಲ್ಲ. ನಾನೇ ಪಂಚೆ ಎತ್ತಿ ಕಟ್ಟಿ ಅಂಗೈ, ಮಂಡಿ ಊರಿದೆ. ಅಯ್ಯೋ ದೇವರೇ, ಅದು ಕಲ್ಲಲ್ಲ, ದೋಸೆ ಕಾವಲಿ. ಬಲಗೈ ಎತ್ತಿ ಎಡಗೈ ಊರಿ, ಎಡಗೈ ಎತ್ತಿ ಬಲಗೈ ಊರಿ ಒದ್ದಾಡಿದೆ. ‘ಸಾರ್ ಸೂಪರಾಗಿ ಆಕ್ಟಿಂಗ್ ಮಾಡ್ತಾರೆ ಕಣ್ರೋ!’ ಅಂತ ಮಕ್ಕಳು ಚಪ್ಪಾಳೆ ತಟ್ಟಿದವು.

ಮುನಿ ಬಾಯಿ ಬಿಡಲಿಲ್ಲ.

‘ಹೇಳಮ್ಮಾ, ಹಿಟ್, ಸಳ’ ಅಂದೆ ಹುಲಿಯ ಗತ್ತು ಬಿಡದೆ. ‘ಹಿಟ್ಟಾ? ಊಟ ಇಲ್ಲೇನಾ ಸಾರ್?’ ಅಂದಿತು ಹಸಿದ ಗಂಟಲೊಂದು. ಇನ್ನೊಬ್ಬ ‘ಹಿಟ್ ಅಲ್ಲ ಸಾರ್, ಬೀಟ್’ ಅಂದ. ಮತ್ತೊಬ್ಬಳು ‘ಆವಾಗ್ಲೇ ಹೊಡೆದಾಗಿದೆಯಲ್ಲ, ಹಿಟ್ಟೆಡ್ ಅನ್ಬೇಕು’ ಅಂತ ತೀರ್ಪು ಕೊಟ್ಟಳು. ಗ್ರಾಮರ್ ಬ್ಯಾಡ ಅಂದಿದ್ದವರ ಮಗಳೇ ಇವಳು! ತಡೆಯಲಾಗಲಿಲ್ಲ. ನಾಲ್ಕು ಕಾಲಿನ ಮೇಲೆ ನಿಂತೇ ಕತ್ತೆತ್ತಿ ಕೂಗಿದೆ: ‘ಹಿಟ್ಟೆಡ್ ಅನ್ನೋ ಪದವೇ ಇಲ್ಲ ಕಣೇ! ಮೂರು ರೂಪಕ್ಕೂ ಒಂದೇ. ಹಿಟ್, ಹಿಟ್, ಹಿಟ್!’

ಸಳ ವಿಧೇಯ ಹುಡುಗ. ಬೆನ್ನಿಗೆ ಮೂರು ಏಟು ಬಿತ್ತು. ಮೂರನೆಯದಕ್ಕೆ ಛತ್ರಿಯ ಗುಂಡಿ ಅದುಮಿ ಅದು ಫಟ್ ಅಂತ ನನ್ನ ಮೇಲೆ ಬಿಚ್ಚಿಕೊಂಡಿತು. ಹುಲಿಗೆ ಕೊನೆಗೂ ನೆರಳು ಸಿಕ್ಕಿತು.

ಕಾವಲಿನವನು ಸೀಟಿ ಊದುತ್ತ ಬಂದ. ಅದೇ ಹೊತ್ತಿಗೆ ಬಿಳಿ ಟೋಪಿಯ ವಿದೇಶಿ ಹೆಂಗಸೊಬ್ಬರು ಛತ್ರಿಯೊಳಗೆ ಬಗ್ಗಿ ನೋಡಿ, ‘ಆರ್ ಯು ಆಲ್ ರೈಟ್?’ ಅಂತ ಕೇಳಿದರು. ಎರಡು ವಾರದಲ್ಲಿ ನಮ್ಮ ಕ್ಲಾಸಿಗೆ ಬಂದ ಮೊದಲ ನಿಜವಾದ ಇಂಗ್ಲಿಷ್ ಪ್ರಶ್ನೆ. ಹದಿನಾಲ್ಕು ಮಕ್ಕಳೂ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದವು. ನಾನು ಉತ್ತರ ಹುಡುಕಿದೆ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ನಾಲಿಗೆ ತುದಿಗೆ ತಾನಾಗಿ ಬಂತು.

‘ನೋ ಚೇಂಜ್.’

ಆಗ ಹಿಂದಿನಿಂದ ಒಂದು ದನಿ, ಗುಡಿಯ ಪಾರಿವಾಳಗಳೆಲ್ಲ ಹಾರುವಂಥದ್ದು: ‘ಹೊಯ್, ಸಳಾ!’

ಮುನಿ! ಸಳ ನಾಲ್ಕನೆಯದನ್ನೂ ಕೊಟ್ಟ. ನಾನು ಛತ್ರಿ ಸರಿಸಿ ನೋಡುತ್ತೇನೆ, ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬೆವರುತ್ತಿದ್ದಾಳೆ. ಆಮೇಲೆ ಫ್ರಾಕಿನ ಜೇಬಿನಿಂದ ಮಡಚಿದ ಹತ್ತು ರೂಪಾಯಿ ತೆಗೆದು ನನ್ನ ಮುಂದೆ ಹಿಡಿದಳು. ಅವಳ ಶಾಲೆಯಲ್ಲಿ ಕನ್ನಡದ ಒಂದು ಮಾತಿಗೆ ಹತ್ತು ರೂಪಾಯಿ ದಂಡವಂತೆ. ಇಂಗ್ಲಿಷು ಬಾರದು, ಕನ್ನಡ ಆಡುವಂತಿಲ್ಲ, ಹಾಗಾಗಿ ಮಗು ಸುಮ್ಮನಿರುವುದನ್ನು ಕಲಿತಿತ್ತು. ಅದಕ್ಕೆ ಅವಳಪ್ಪ ವರ್ಷಕ್ಕೆ ಇಷ್ಟು ಅಂತ ಫೀಸು ಕಟ್ಟುತ್ತಾನೆ. ಆ ದಂಡ ಹಾಕಿದವರು ಎದುರಿಗೆ ಸಿಕ್ಕಿದ್ದರೆ ಛತ್ರಿ ನನ್ನ ಕೈಗೆ ಕೊಡು ಅನ್ನುತ್ತಿದ್ದೆ. ಆ ಕ್ಷಣಕ್ಕೆ ದುಡ್ಡು ಬೇಡ ಅನ್ನಲು ಕೈ ಆಡಿಸೋಣ ಅಂದರೆ ಎರಡೂ ಕಲ್ಲಿನ ಮೇಲಿದ್ದವು. ತಲೆ ಆಡಿಸಿದೆ.

ಹೊರಗೆ ಬಂದ ಮೇಲೆ ಅದೇ ಹತ್ತು ರೂಪಾಯಿಗೆ ಸೌತೆಕಾಯಿ ಕೊಂಡು, ಉಪ್ಪು ಖಾರ ಹಚ್ಚಿಸಿ, ಅರ್ಧ ಮುರಿದು ಹುಲಿಗೆ ಕೊಟ್ಟಳು.

ಮಾರನೇ ದಿನ ಸಳನ ತಾಯಿ ಬಂದಿದ್ದರು. ‘ಮನೇಲಿ ಯಾರು ಸಿಕ್ಕಿದ್ರೂ ಹಿಟ್, ಹಿಟ್ ಅಂತ ಬಾರಿಸ್ತಾನೆ ಸಾರ್, ಸ್ಪೋಕನ್ ಚೆನ್ನಾಗ್ ಬಂದಿದೆ’ ಅಂತ ಎರಡು ತೆಂಗಿನಕಾಯಿ ಇಟ್ಟು ಹೋದರು. ಈಗ ಸಳನಾಗಲು ಒಂಬತ್ತು ಜನ, ಮುನಿಯಾಗಲು ನಾಲ್ವರು ಹೆಸರು ಕೊಟ್ಟಿದ್ದಾರೆ. ನನ್ನ ಮಂಡಿಗೆ ಎಣ್ಣೆ ಹಚ್ಚುತ್ತ ನನ್ನವಳು ಇನ್ನೊಂದು ಸಲ ಹೋದರೆ ನೋಡಿ ಅಂದಿದ್ದಾಳೆ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ: ಬರುವ ಭಾನುವಾರಕ್ಕೆ ಒಂದು ಹುಲಿ ಬೇಕಾಗಿದೆ. ಇಂಗ್ಲಿಷ್ ಬರಬೇಕೆಂದಿಲ್ಲ. ಮಂಡಿ ಗಟ್ಟಿ ಇದ್ದರೆ ಸಾಕು. ಬಸ್ ಚಾರ್ಜು ನಾನೇ ಕೊಡುತ್ತೇನೆ, ಚಿಲ್ಲರೆ ಮಾತ್ರ ಕೇಳಬೇಡಿ.